ಮಾಸ್ತರರ ಗಣಕಯಂತ್ರ

ಯಾದಗಿರಿಯ ಸುತ್ತಮುತ್ತ ಹತ್ತಿಕುಣಿಯ ಹೆಸರು ಹೇಳಿದರೆ ಜನರಿಗೆ ಮೊದಲು ನೆನಪಾಗುವುದು ಅಲ್ಲಿನ ಜಲಾಶಯ. ಆ ಊರಿನಲ್ಲಿ ನಿವೃತ್ತ ಶಿಕ್ಷಕರೊಬ್ಬರಿದ್ದಾರೆ. ಊರವರಿಗೆಲ್ಲ ಅವರು ‘ಮಾಸ್ತರರು’. ಅವರ ಮನೆಯ ಪಡಸಾಲೆಯಲ್ಲಿ ಹಳೆಯದೊಂದು ಗಣಕಯಂತ್ರವಿದೆ. 2013ರಲ್ಲಿ ನಿವೃತ್ತಿಯ ಹಣದಿಂದ ಅವರು ಅದನ್ನು ಕೊಂಡರು. ಧೂಳು ಬೀಳದಿರಲೆಂದು ಅದಕ್ಕೊಂದು ಬಟ್ಟೆಯ ಹೊದಿಕೆಯನ್ನೂ ಹೊಲಿಸಿದರು.

ಆ ಯಂತ್ರದೊಳಗೆ ಇರುವುದು ಹಣಕಾಸಿನ ಲೆಕ್ಕವಲ್ಲ; ಆ ನಾಡಿನ ಮಾತು. ಕೂರಿಗಿ, ಕುಂಟಿ, ಮಿಣಿ, ಬಾರಕೋಲು ಮೊದಲಾದ ಒಕ್ಕಲುತನದ ಶಬ್ದಗಳು, ಬೀಸುವಾಗ ಕುಟ್ಟುವಾಗ ಮುದುಕಿಯರು ಆಡುತ್ತಿದ್ದ ನುಡಿಗಟ್ಟುಗಳು, ಗಾದೆಗಳು, ಒಗಟುಗಳು, ಇವೆಲ್ಲವನ್ನೂ ಮಾಸ್ತರರು ಮನೆಮನೆಗೆ ಹೋಗಿ ಕೇಳಿ, ಬರೆದುಕೊಂಡು ಬಂದು, ರಾತ್ರಿ ಕುಳಿತು ಬೆರಳಚ್ಚು ಮಾಡಿದ್ದರು. ಹನ್ನೆರಡು ವರ್ಷಗಳಲ್ಲಿ ಅದು ನಾಲ್ಕು ನೂರು ಪುಟಗಳನ್ನು ಮೀರಿ ಬೆಳೆದಿತ್ತು. ಹೇಳಿದವರಲ್ಲಿ ಅನೇಕರು ಈಗ ಬದುಕಿಲ್ಲ.

2025ರ ಅಕ್ಟೋಬರ್ ತಿಂಗಳಲ್ಲಿ ಯಂತ್ರದ ಪರದೆಯ ಮೇಲೆ ಒಂದು ಸೂಚನೆ ಕಾಣಿಸಿತು. ಆ ಯಂತ್ರವನ್ನು ನಡೆಸುತ್ತಿದ್ದ ‘ವಿಂಡೋಸ್ 10’ ಎಂಬ ಕಾರ್ಯಾಚರಣಾ ವ್ಯವಸ್ಥೆಗೆ ಅಕ್ಟೋಬರ್ 14ರಿಂದ ತಯಾರಕರ ಬೆಂಬಲ ಮುಗಿಯುತ್ತದೆ ಎಂಬುದೇ ಅದರ ಸಾರಾಂಶ. ಕಾರ್ಯಾಚರಣಾ ವ್ಯವಸ್ಥೆಯೆಂದರೆ ಯಂತ್ರದ ಬಿಡಿಭಾಗಗಳಿಗೂ ನಾವು ಬಳಸುವ ತಂತ್ರಾಂಶಗಳಿಗೂ ನಡುವೆ ನಿಂತು ಕೆಲಸ ಮಾಡಿಸುವ ಮೇಸ್ತ್ರಿ. ಕೀಲಿಮಣೆಯ ಮೇಲೆ ಒತ್ತಿದ ಅಕ್ಷರವನ್ನು ಪರದೆಗೆ ತಲುಪಿಸುವುದೂ, ಬರೆದುದನ್ನು ಡಿಸ್ಕಿನಲ್ಲಿ ಜೋಪಾನವಾಗಿಡುವುದೂ ಅದರ ಕೆಲಸ. ಬೆಂಬಲ ಮುಗಿದ ಮರುದಿನ ಯಂತ್ರವೇನೂ ನಿಂತುಹೋಗುವುದಿಲ್ಲ. ಆದರೆ ಮುಂದೆ ಅದರಲ್ಲಿ ಬಿರುಕು ಕಂಡರೆ ಮುಚ್ಚುವವರಿರುವುದಿಲ್ಲ.

ಮಾಸ್ತರರು ಚಿಂತೆಗೊಳಗಾದರು. ಅಂಗಡಿಯವನು, “ಹೊಸದನ್ನು ಕೊಂಡುಬಿಡಿ” ಎಂದನು. ನೆರೆಮನೆಯ ರೈತ ನಕ್ಕು, “ನಡಿಯೋ ಎತ್ತಿಗಿ ಯಾಕ ಮಾಸ್ತರ್ರೆ ಬ್ಯಾರೆ ಮೂಗುದಾರ?” ಎಂದನು. ಮಾಸ್ತರರ ಮನಸ್ಸು ರೈತನ ಮಾತಿನ ಕಡೆಗೇ ವಾಲಿತು. ಕೈಗೆ ಒಗ್ಗಿದ ವಸ್ತುವನ್ನು ಬಿಡುವುದು ಯಾರಿಗೂ ಸುಲಭವಲ್ಲ.

ದೀಪಾವಳಿಯ ರಜೆಗೆಂದು ಕಲಬುರಗಿಯಿಂದ ಬಂದ ಮೊಮ್ಮಗಳು ಮಾತ್ರ ಆ ಮಾತನ್ನು ಒಪ್ಪಲಿಲ್ಲ. ಅವಳು ಗಣಕ ವಿಜ್ಞಾನದ ವಿದ್ಯಾರ್ಥಿನಿ. 2017ರ ಮೇ ತಿಂಗಳಲ್ಲಿ ‘ವನ್ನಾಕ್ರೈ’ ಎಂಬ ದುಷ್ಟ ತಂತ್ರಾಂಶವು ಸುಮಾರು 150 ದೇಶಗಳ ಯಂತ್ರಗಳಿಗೆ ನುಗ್ಗಿ, ಕಡತಗಳಿಗೆ ಬೀಗ ಜಡಿದು, ಬಿಡುಗಡೆಗೆ ಹಣ ಕೇಳಿದ ಸಂಗತಿಯನ್ನು ಅವಳು ವಿವರಿಸಿದಳು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳೇ ಮುಂದಕ್ಕೆ ಹೋದವು. ಆ ಬಿರುಕನ್ನು ಮುಚ್ಚುವ ತಿದ್ದುಪಡಿ ಅದೇ ವರ್ಷದ ಮಾರ್ಚ್‌ನಲ್ಲಿಯೇ ಹೊರಬಂದಿತ್ತು. ಅದನ್ನು ಹಾಕಿಕೊಳ್ಳದ ಯಂತ್ರಗಳೇ ತುತ್ತಾದವು.

“ಹಂಗಾದ್ರ ಹೊಸಾದು ಹಾಕು” ಎಂದರು ಮಾಸ್ತರರು.

“ಇದಕ್ಕ ವಿಂಡೋಸ್ 11 ಹಿಡಿಯಂಗಿಲ್ಲ ಮುತ್ಯಾ.”

ಅವಳ ಮಾತು ನಿಜವಾಗಿತ್ತು. 2021ರಲ್ಲಿ ಬಂದ ವಿಂಡೋಸ್ 11, ಬಹುಮಟ್ಟಿಗೆ 2017ರ ನಂತರದ ಸಂಸ್ಕಾರಕಗಳನ್ನು ಮಾತ್ರ ಒಪ್ಪುತ್ತದೆ, ‘ಟಿಪಿಎಂ 2.0’ ಎಂಬ ರಕ್ಷಣಾ ಅಂಗವನ್ನೂ ಕೇಳುತ್ತದೆ. 2013ರ ಯಂತ್ರದಲ್ಲಿ ಇವೆರಡೂ ಇರಲಿಲ್ಲ. ಹಳೆಯ ವ್ಯವಸ್ಥೆಗೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ರಕ್ಷಣೆ ಪಡೆಯುವ ಅವಕಾಶವನ್ನು ತಯಾರಕರು ಪ್ರಕಟಿಸಿದ್ದರು. ಆದರೆ ಅದು ಒಂದು ವರ್ಷದ ವಾಯಿದೆ ಮಾತ್ರ. ಉಳಿದ ದಾರಿಗಳು ಮೂರು: ಹೊಸ ಯಂತ್ರ ಕೊಳ್ಳುವುದು; ಇದ್ದುದನ್ನು ಅಂತರಜಾಲದಿಂದ ಬಿಡಿಸಿ ಹಾಗೆಯೇ ಬಳಸುವುದು; ಅಥವಾ ಅದೇ ಯಂತ್ರಕ್ಕೆ ಉಚಿತವಾಗಿ ದೊರೆಯುವ ಲಿನಕ್ಸ್ ವ್ಯವಸ್ಥೆಯನ್ನು ಅಳವಡಿಸುವುದು.

ಯಾವುದನ್ನು ಆರಿಸುವ ಮೊದಲೂ ಕಡತಗಳ ಪ್ರತಿ ತೆಗೆದಿಡಬೇಕೆಂದು ಮೊಮ್ಮಗಳು ಹಟ ಹಿಡಿದಳು. ಪೆನ್‌ಡ್ರೈವ್‌ಗೆ ಪ್ರತಿ ಮಾಡಿ, ತನ್ನ ಲ್ಯಾಪ್‌ಟಾಪಿನಲ್ಲಿ ತೆರೆದು ನೋಡಿದಳು. ಪರದೆಯ ಮೇಲೆ ಒಂದು ಕನ್ನಡ ಅಕ್ಷರವೂ ಇರಲಿಲ್ಲ. ಪುಟದ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೂ ವಿಚಿತ್ರ ಚಿಹ್ನೆಗಳೂ ಚೆಲ್ಲಾಡಿದ್ದವು. ಮಾಸ್ತರರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಹನ್ನೆರಡು ವರ್ಷಗಳ ದುಡಿಮೆ ಅವರ ಕಣ್ಣೆದುರಿಗೇ ಅಪರಿಚಿತವಾಗಿ ನಿಂತಿತ್ತು.

ಕಾರಣ ಸರಳವಾದುದು. ಹಿಂದೆ ಬಳಕೆಯಲ್ಲಿದ್ದ ಅನೇಕ ಕನ್ನಡ ಫಾಂಟ್‌ಗಳಲ್ಲಿ ಯಂತ್ರವು ಕನ್ನಡವನ್ನು ಕನ್ನಡವೆಂದು ಅರಿಯುತ್ತಿರಲಿಲ್ಲ. ಒಳಗೆ ಉಳಿಯುತ್ತಿದ್ದುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ. ಫಾಂಟು ಅವುಗಳಿಗೆ ಕನ್ನಡದ ಆಕಾರ ತೊಡಿಸುತ್ತಿತ್ತು. ಬಯಲಾಟದಲ್ಲಿ ಅರ್ಜುನನ ವೇಷ ಕಳಚಿದರೆ ಊರಿನ ಪರಿಚಿತ ಮುಖ ಕಾಣುವಂತೆ, ಆ ಫಾಂಟ್ ಇಲ್ಲದ ಯಂತ್ರದಲ್ಲಿ ಒಳಗಿನ ಸಂಕೇತಗಳು ಬಯಲಾಗುತ್ತಿದ್ದವು. ಯೂನಿಕೋಡ್ ಪದ್ಧತಿಯಲ್ಲಿ ಹಾಗಲ್ಲ. 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ ಅದರಲ್ಲಿ ಸ್ವಂತ ಸ್ಥಾನವಿದೆ. ‘ಅ’ ಅಕ್ಷರದ ಸಂಖ್ಯೆ 3205, ‘ಕ’ ಅಕ್ಷರದ ಸಂಖ್ಯೆ 3221. ಜಗತ್ತಿನ ಯಾವ ಯಂತ್ರಕ್ಕೆ ಹೋದರೂ ಆ ಸಂಖ್ಯೆ ಬದಲಾಗದು.

ಆ ರಾತ್ರಿ ಮಾಸ್ತರರಿಗೆ ನಿದ್ರೆ ಬರಲಿಲ್ಲ. ಅಷ್ಟು ದಿನ ಅವರು ಯಂತ್ರ ಉಳಿಯುವುದೇ ಎಂದು ಚಿಂತಿಸಿದ್ದರು. ಅದರೊಳಗಿನ ಮಾತು ಉಳಿಯುವುದೇ ಎಂದು ಕೇಳಿಕೊಂಡಿರಲಿಲ್ಲ. ತರಗತಿಯಲ್ಲಿ ತಾವೇ ಎಷ್ಟೋ ಸಲ ಹೇಳಿದ್ದ ಸಂಗತಿಯೊಂದು ಆಗ ಅವರಿಗೆ ನೆನಪಾಯಿತು. ವಚನಗಳು ನಮ್ಮ ಕಾಲದವರೆಗೆ ಬಂದುದು ಒಂದೇ ತಾಳೆಗರಿಯ ಮೇಲೆ ಅಲ್ಲ. ಗರಿ ಜೀರ್ಣವಾಗುವ ಮೊದಲೇ ಯಾರೋ ಒಬ್ಬರು ಹೊಸ ಗರಿಗೆ ಪ್ರತಿ ಮಾಡಿದರು. ಅವರ ನಂತರ ಮತ್ತೊಬ್ಬರು. ವಿಜಯಪುರದ ಫ. ಗು. ಹಳಕಟ್ಟಿಯವರು ಆ ಓಲೆಗಳನ್ನು ಊರೂರಿನಿಂದ ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚು ಹಾಕಿಸಿದರು. ಗರಿಯ ಮೇಲಿನ ಮೋಹದಿಂದ ಅದನ್ನು ಪೆಟ್ಟಿಗೆಯಲ್ಲಿಯೇ ಇಟ್ಟಿದ್ದವರ ಮನೆಯಲ್ಲಿ ಗೆದ್ದಲಿಗೆ ಆಹಾರವಾಯಿತು. ಪ್ರತಿ ಮಾಡಿದವರ ಮನೆಯಲ್ಲಿ ವಚನ ಉಳಿಯಿತು.

ಬೆಳಿಗ್ಗೆ ಅವರು ಮೊಮ್ಮಗಳನ್ನು ಕರೆದು, “ಯಂತ್ರದ ಮಾತು ಆಮ್ಯಾಲ ನೋಡಮು. ಮೊದಲು ಅಕ್ಷರ ಉಳಸು ತಂಗಿ” ಎಂದರು.

ಹಳೆಯ ಸಂಕೇತಗಳನ್ನು ಯೂನಿಕೋಡ್‌ಗೆ ಪರಿವರ್ತಿಸುವ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ. ಕೆಲವು ಗಂಟೆಗಳಲ್ಲಿ ಪುಟಗಳೆಲ್ಲ ಕನ್ನಡವಾಗಿ ಮರಳಿದವು. ಆದರೆ ತಪ್ಪುಗಳೂ ಬಂದವು. ‘ವರ್ಷ’, ‘ಕಾರ್ತಿಕ’ ಮುಂತಾದ ಪದಗಳಲ್ಲಿ ಅರ್ಕಾವತ್ತನ್ನು ಉಚ್ಚರಿಸುವುದು ಮೊದಲು, ಬರೆಯುವುದು ನಂತರ. ಹಳೆಯ ಫಾಂಟು ಬರೆದ ಕ್ರಮವನ್ನೂ ಯೂನಿಕೋಡ್ ಉಚ್ಚರಿಸುವ ಕ್ರಮವನ್ನೂ ಅನುಸರಿಸುತ್ತವೆ. ಆದುದರಿಂದ ಕೆಲವೆಡೆ ಅರ್ಕಾವತ್ತು ತನ್ನದಲ್ಲದ ಅಕ್ಷರಕ್ಕೆ ಅಂಟಿಕೊಂಡಿತ್ತು. ಮೊಮ್ಮಗಳು ಓದಿದಳು, ಮಾಸ್ತರರು ತಿದ್ದಿದರು. ಓದುತ್ತ ಓದುತ್ತ ಅವಳು, “ಮಿಣಿ ಅಂದ್ರೇನು ಮುತ್ಯಾ?” ಎಂದು ಕೇಳಿದಳು. ಅವರು ಹೇಳಿದರು. ರಜೆ ಮುಗಿದ ಮೇಲೂ ಆ ಕೆಲಸ ದೂರವಾಣಿಯಲ್ಲಿ ಮುಂದುವರಿಯಿತು. ತಿದ್ದಿದ ಪ್ರತಿಗಳಲ್ಲಿ ಒಂದು ಹತ್ತಿಕುಣಿಯಲ್ಲಿ ಉಳಿಯಿತು, ಇನ್ನೊಂದು ಕಲಬುರಗಿಯಲ್ಲಿ.

ಕಡತಗಳು ಸುರಕ್ಷಿತವಾದ ಮೇಲೆ ಉಳಿದ ತೀರ್ಮಾನ ಕಷ್ಟವಾಗಲಿಲ್ಲ. ಲಿನಕ್ಸ್ ಎಂಬುದು 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿ, ಅನಂತರ ಜಗತ್ತಿನ ಸಹಸ್ರಾರು ಜನ ಕೈಗೂಡಿಸಿ ಬೆಳೆಸಿದ ವ್ಯವಸ್ಥೆ. ಡಿಸ್ಕನ್ನು ಮುಟ್ಟದೆ, ಪೆನ್‌ಡ್ರೈವ್‌ನಿಂದಲೇ ಅದನ್ನು ನಡೆಸಿ ಪರೀಕ್ಷಿಸಬಹುದು. ಮೊಮ್ಮಗಳು ಮುಂದಿನ ರಜೆಯಲ್ಲಿ ಹಾಗೆಯೇ ಮಾಡಿ ತೋರಿಸಿದಳು. ಮಾಸ್ತರರಿಗಿದ್ದ ಅಳುಕು ಒಂದೇ: ಬೆರಳುಗಳಿಗೆ ಒಗ್ಗಿದ ಕೀಲಿಮಣೆ ತಪ್ಪಿಹೋದರೆ? ಕೆ. ಪಿ. ರಾವ್ ಅವರು ರೂಪಿಸಿದ ಆ ವಿನ್ಯಾಸ, ಕನ್ನಡ ಗಣಕ ಪರಿಷತ್ತಿನ ಹೆಸರನ್ನು ಸೂಚಿಸುವ ‘ಕಗಪ’ ಎಂಬ ಹೆಸರಿನಿಂದ ಲಿನಕ್ಸಿನಲ್ಲಿಯೂ ಇತ್ತು. ಮಾಸ್ತರರು ತಮ್ಮೂರಿನ ಹೆಸರನ್ನು ಬೆರಳಚ್ಚು ಮಾಡಿದರು. ಬೆರಳು ಎಲ್ಲಿಯೂ ತಡವರಿಸಲಿಲ್ಲ.

ಹೊಸ ವ್ಯವಸ್ಥೆಗೆ ಬಂದಾಗ ನಷ್ಟವೇ ಆಗಲಿಲ್ಲವೆಂದಲ್ಲ. ಹಳೆಯ ತಂತ್ರಾಂಶದಲ್ಲಿ ಅಕ್ಕರೆಯಿಂದ ಮಾಡಿದ್ದ ಪುಟವಿನ್ಯಾಸ, ಅಂಚಿನ ಬಳ್ಳಿಯ ಚಿತ್ರಗಳು ಚದುರಿಹೋದವು. ಅವರು ಅವುಗಳಿಗಾಗಿ ಒಂದೆರಡು ದಿನ ಮರುಗಿದರು. ಆದರೆ ಕಾಲುವೆಯ ಹೂಳು ತೆಗೆಯುವಾಗ ದಂಡೆಯ ಹುಲ್ಲೂ ಸ್ವಲ್ಪ ಕಿತ್ತುಬರುತ್ತದೆ. ನೀರು ಹೊಲಕ್ಕೆ ತಲುಪಿತೇ ಎಂಬುದನ್ನು ನೋಡಬೇಕಲ್ಲದೆ ಹುಲ್ಲನ್ನಲ್ಲ.

ಹಳೆಯದೆಂಬ ಕಾರಣಕ್ಕೆ ಎಸೆಯುವುದೂ, ಹಳೆಯದೆಂಬ ಕಾರಣಕ್ಕೇ ಅಪ್ಪಿಕೊಳ್ಳುವುದೂ ವಿವೇಕವಲ್ಲ. ಯಾವುದನ್ನು ಉಳಿಸಬೇಕೆಂದು ಮೊದಲು ತಿಳಿದವನಿಗೆ, ಯಾವುದನ್ನು ಬದಲಿಸಬೇಕೆಂಬುದು ತಾನಾಗಿಯೇ ತಿಳಿಯುತ್ತದೆ.

“ಇದು ಎಷ್ಟು ವರ್ಷ ನಡೀತದ ಮುತ್ಯಾ?” ಎಂದು ಮೊಮ್ಮಗಳು ಕೇಳಿದಳು.

“ನಡಿಯೋತನಕ ನಾ ನೋಡ್ತೀನಿ. ಆಮ್ಯಾಲ ಪ್ರತಿ ಮಾಡೋದು ನಿನ್ನ ಪಾಳಿ” ಎಂದು ಹೇಳಿ, ಮಾಸ್ತರರು ಯಂತ್ರಕ್ಕೆ ಹೊದಿಕೆ ಹೊದಿಸಿದರು.