ಮೆಲುಕಿನ ಹೊತ್ತು

ಬಂಗಾರಪೇಟೆಯಿಂದ ಮಾರಿಕುಪ್ಪಂ ಕಡೆ ಹೊರಟ ಸಂಜೆ ರೈಲು ಕೂಗುವ ಹೊತ್ತಿಗೆ ನಮ್ಮ ಕೊಟ್ಟಿಗೆಯಲ್ಲಿ ಹಾಲು ಕರೆದಾಗಿರುತ್ತದೆ, ಕ್ಯಾನು ಡೈರಿ ಸೇರಿರುತ್ತದೆ, ಗೌರಿ ಕಾಲು ಮಡಚಿ ಮಲಗಿರುತ್ತಾಳೆ. ನಾನು ಗೋಡೆಗೊರಗಿ ಅವಳ ಪಕ್ಕ ಕೂರುತ್ತೇನೆ. ಇಡೀ ದಿನದಲ್ಲಿ ನನಗೆ ಬಲು ಪ್ರಿಯವಾದ ಅರ್ಧ ಗಂಟೆ ಅದು.

ಮೊದಲು ಕೊರಳು ನೋಡಬೇಕು. ಚರ್ಮದಡಿ ಒಂದು ಉಂಡೆ ಸರ್ರನೆ ಮೇಲೇರುವುದು ಕಣ್ಣಿಗೇ ಕಾಣುತ್ತದೆ. ಅದರ ನೀರನ್ನು ಗುಟಕ್ಕನೆ ನುಂಗಿ, ದವಡೆಯನ್ನು ಓರೆಯಾಗಿ ತಿರುಗಿಸುತ್ತ ಅರೆಯತೊಡಗುತ್ತಾಳೆ. ಎಣಿಸುತ್ತೇನೆ: 50, 55. ನುಂಗಿದಳು. ಒಂದೆರಡು ಉಸಿರಿನಷ್ಟು ಮೌನ, ಮತ್ತೆ ಇನ್ನೊಂದು ಉಂಡೆ. ಹೀಗೆ ದಿನಕ್ಕೆ 7–8 ಗಂಟೆ. “ಮೆಲುಕು ಹಾಕ್ತಾ ಐತೆ, ಎಬ್ಬಿಸಬೇಡ” ಎನ್ನುತ್ತಿದ್ದಳು ಅಮ್ಮ. ಹಸು ಮೆಲುಕು ನಿಲ್ಲಿಸಿದ ದಿನ ಅವಳಿಗೂ ಊಟ ಸೇರುತ್ತಿರಲಿಲ್ಲ.

ಎಡಗಡೆ, ಪಕ್ಕೆಲುಬಿನ ಹಿಂದಿನ ಕುಳಿಗೆ ಮುಷ್ಟಿ ಒತ್ತಿ ಹಿಡಿಯುತ್ತೇನೆ. ನಿಮಿಷಕ್ಕೆ ಒಂದೆರಡು ಸಲ ಒಳಗಿಂದ ಅಲೆಯೆದ್ದು ಕೈಯನ್ನು ದೂಡುತ್ತದೆ. ಅದು ರೂಮೆನ್, ನಾಲ್ಕು ಕೋಣೆಯ ಹೊಟ್ಟೆಯಲ್ಲಿ ಎಲ್ಲಕ್ಕಿಂತ ದೊಡ್ಡದು. 100 ಲೀಟರಿಗೂ ಹೆಚ್ಚು ಹಿಡಿಯುವ ಗುಡಾಣ. ರಾಗಿ ಹುಲ್ಲಿನ ನಾರನ್ನು ಕರಗಿಸುವ ಶಕ್ತಿ ಹಸುವಿನ ಮೈಗೆ ಇಲ್ಲ. ಗಾಳಿಯಾಡದ ಆ ಬೆಚ್ಚನೆಯ ಗುಡಾಣದಲ್ಲಿ ಬೀಡುಬಿಟ್ಟ ಕೋಟ್ಯಂತರ ಸೂಕ್ಷ್ಮಜೀವಿಗಳು, ಅಂಬಲಿ ಹುಳಿಯಾಗುವ ಹಾಗೆ, ಅದನ್ನು ಹುಳಿ ಬರಿಸಿ ಆಮ್ಲಗಳನ್ನಾಗಿ ಮಾಡುತ್ತವೆ. ಗೌರಿಯ ಕಸುವು ಬಹುಪಾಲು ಆ ಆಮ್ಲಗಳಿಂದಲೇ. ಹುಳಿ ಅತಿಯಾಗದಂತೆ ಕಾಯುವುದು ಅವಳು ಕೊಡಗಟ್ಟಲೆ ಸುರಿಸುವ ಜೊಲ್ಲು. ಕೊನೆಗೆ ಆ ಜೀವಿಗಳೇ ನಾಲ್ಕನೆಯ ಕೋಣೆಗಿಳಿದು, ಜೀರ್ಣವಾಗಿ, ಅವಳಿಗೆ ಪ್ರೋಟೀನ್ ಆಗುತ್ತವೆ.

ಹಾಗಾಗಿ ನಾನು ಗೋದಲೆಗೆ ಹುಲ್ಲು ಹಾಕುವುದು ಮೊದಲು ಅವುಗಳಿಗೆ. ಮೇವು ಬದಲಿಸುವಾಗ ಆತುರಪಡುವಂತಿಲ್ಲ. ಮದುವೆಮನೆಯಲ್ಲಿ ಮಿಕ್ಕ ಅನ್ನವನ್ನು ಪ್ರೀತಿಯಿಂದ ಒಮ್ಮೆಗೇ ಸುರಿದರೂ ಹುಳಿ ಏರಿ ಹಸು ನೆಲ ಹಿಡಿದುಬಿಡುತ್ತದೆ.

ಇಲ್ಲಿಂದ ತುಸು ದೂರದ ಕೆಜಿಎಫ್‌ನಲ್ಲೂ ಅರೆಯುವ ಕೆಲಸವೇ ನಡೆದಿತ್ತು. ಬಂಡೆ ಪುಡಿ ಮಾಡಿ, ಸೈನೈಡಿನಲ್ಲಿ ಕರಗಿಸಿ ಚಿನ್ನ ತೆಗೆಯುತ್ತಿದ್ದರು. 2001ರಲ್ಲಿ ಗಣಿ ಮುಚ್ಚಿತು; ಮಿಕ್ಕ ಪುಡಿ ಸೈನೈಡ್ ಗುಡ್ಡಗಳಾಗಿ ಹಾಗೇ ನಿಂತಿದೆ, ಗಾಳಿ ಬಂದರೆ ದೂಳೇಳುತ್ತದೆ. ಗೌರಿ ಅರೆದು ಮಿಕ್ಕಿದ್ದು ಬೆಳಗ್ಗೆ ತಿಪ್ಪೆ ಸೇರುತ್ತದೆ, ಮುಂಗಾರಿಗೆ ಮುನ್ನ ಹೊಲಕ್ಕೆ ಹೋಗುತ್ತದೆ, ಸುಗ್ಗಿಯಲ್ಲಿ ತೆನೆ ಮನೆಗೂ ಹುಲ್ಲು ಬಣವೆಗೂ ಬರುತ್ತದೆ.

ಕತ್ತಲಾಯಿತು. ಕೊರಳಲ್ಲಿ ಇನ್ನೊಂದು ಉಂಡೆ ಏರುತ್ತಿದೆ. ಮತ್ತೆ ಒಂದರಿಂದ ಎಣಿಸುತ್ತೇನೆ.