ಸಂಚಿಯ ಸೀಮೆಯಲ್ಲಿ

ಶುಕ್ರವಾರ ಗೊರವನಹಳ್ಳಿಯ ಮಹಾಲಕ್ಷ್ಮಿ ಗುಡಿಯ ಮುಂದೆ ನಿಂತರೆ ದೇವಿಯ ದರ್ಶನಕ್ಕೆ ಮೊದಲೇ ಕಣ್ಣು ತುಂಬುತ್ತದೆ. ಕೊರಟಗೆರೆ ತಾಲ್ಲೂಕಿನ ಈ ಪುಟ್ಟ ಊರಿಗೆ ಬೆಂಗಳೂರು, ತುಮಕೂರು ಕಡೆಯಿಂದ ಬಂದ ಹೆಂಗಸರ ಸಾಲು. ಅವರ ಮುಂಗೈಯಲ್ಲಿ, ಭುಜದಲ್ಲಿ, ಕಂಕುಳಲ್ಲಿ ಎಷ್ಟೊಂದು ಚೀಲ! ಜರಿ ಅಂಚಿನ ಬಟ್ಟೆಯಲ್ಲಿ ಹೊಲಿದು ಬಾಯಿಗೆ ಮುತ್ತಿನ ಕುಚ್ಚು ಇಳಿಬಿಟ್ಟ ಪೋಟ್ಲಿ, ಕಲ್ಲು ಕೂರಿಸಿದ ಕೊಂಡಿಯ ಕ್ಲಚ್, ಮಗಳ ಲಂಗದ ಬಟ್ಟೆಯಲ್ಲೇ ಉಳಿಸಿ ಹೊಲಿಸಿದ ಜೋಡಿ ಚೀಲ. ಎಲ್ಲರ ಬೆನ್ನಿಗೂ ಬಿಸಿಲಿತ್ತು, ಸಾಲು ಮುಂದೆ ಸರಿಯುತ್ತಿರಲಿಲ್ಲ. ಆದರೂ ಒಬ್ಬಾಕೆ ಮುಂದಿದ್ದವರ ಚೀಲದ ಕುಚ್ಚನ್ನು ಬೆರಳಲ್ಲಿ ಮುಟ್ಟಿ, “ಎಲ್ಲಿ ಹೊಲಿಸಿದ್ರಿ ಅಕ್ಕಾ?” ಎಂದಳು. ಗುರುತಿಲ್ಲದ ಆ ಇಬ್ಬರು ಗರ್ಭಗುಡಿಯ ಬಾಗಿಲವರೆಗೂ ಅದನ್ನೇ ಮಾತಾಡಿಕೊಂಡು ಹೋದರು.

ಹೆಣ್ಣಿನ ಕೈಚೀಲಕ್ಕೆ ಇಷ್ಟು ಸಿಂಗಾರ ಏಕೆ? ಇದನ್ನು ಒಣಜಂಭವೆಂದು ತಳ್ಳಿಹಾಕುವವರ ಮಾತನ್ನು ನಾನು ಎಂದೂ ಒಪ್ಪಿದವಳಲ್ಲ. ಉತ್ತರ ಹುಡುಕಿಕೊಂಡೇ ಕೊರಟಗೆರೆ, ಮಧುಗಿರಿ, ಪಾವಗಡ, ಶಿರಾ ಈ ನಾಲ್ಕು ತಾಲ್ಲೂಕು ಸುತ್ತಲು ಹೊರಟಿದ್ದೆ.

ತೀತಾ ಜಲಾಶಯದ ಬಳಿ ಜಯಮಂಗಲಿ ಹೊಳೆಯನ್ನು ನೋಡಿಕೊಂಡು ಮಧುಗಿರಿಗೆ ಬಂದರೆ ಬೆಟ್ಟ ಆಕಾಶವನ್ನೇ ಮುಚ್ಚಿ ನಿಂತಿರುತ್ತದೆ. ಸಮುದ್ರಮಟ್ಟದಿಂದ 3,930 ಅಡಿ ಎತ್ತರಕ್ಕೆ ಏರಿದ ಒಂದೇ ಬಂಡೆ, ಅದರ ಮೈಮೇಲೆ ಸುತ್ತು ಸುತ್ತಾಗಿ ಹತ್ತಿದ ಕೋಟೆ. 1678ರಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರ ದಳವಾಯಿ ಮುತ್ತಿಗೆ ಹಾಕಿ ಇದನ್ನು ಗೆದ್ದ. ಇಲ್ಲಿನ ಪಾಳೆಯಗಾರರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದ. ಅದೇ ಚಿಕ್ಕದೇವರಾಜರ ಅರಮನೆಯಲ್ಲಿ ರಾಣಿ ದೇವಾಜಮ್ಮಣ್ಣಿಗೆ ಎಲೆ ಅಡಿಕೆಯ ಸಂಚಿ ಹಿಡಿಯುವ ಊಳಿಗದ ಹೆಣ್ಣೊಬ್ಬಳಿದ್ದಳು. ಯಳಂದೂರಿನ ಹೊನ್ನಮ್ಮ. ‘ಹದಿಬದೆಯ ಧರ್ಮ’ ಬರೆದು, ಹಿಡಿದ ಚೀಲವನ್ನೇ ಹೆಸರಿನ ಮುಂದಿಟ್ಟುಕೊಂಡು ಸಂಚಿ ಹೊನ್ನಮ್ಮನಾಗಿ ಕನ್ನಡದಲ್ಲಿ ಉಳಿದಳು. ಕೋಟೆಯ ಮೊದಲ ಬಾಗಿಲಲ್ಲಿ ದಣಿದು ಕೂತಾಗ ನನ್ನನ್ನು ಹಿಡಿದದ್ದು ಅವಳ ಯೋಚನೆ. ಗೆದ್ದವರ, ಸೋತವರ ಕತ್ತಿಗಳ ವಿಷಯ ಎಷ್ಟೋ ಕಡೆ ಬರೆದಿದೆ. ರಾಣಿಯ ಆ ಸಂಚಿಯ ಅಂಚಿಗೆ ಯಾವ ಬಣ್ಣದ ದಾರವಿತ್ತು? ನನಗೆ ಬೇಕಾದದ್ದು ಅದು.

ಮಿಡಿಗೇಶಿ ದಾಟಿದ ಮೇಲೆ ಪಾವಗಡದ ರಸ್ತೆಯಿಂದ ಒಳಗೆ ಸರಿದ ಹಳ್ಳಿಯೊಂದರಲ್ಲಿ, ಜಗಲಿ ಮೇಲೆ ಕೂತಿದ್ದ ಅಜ್ಜಿಯ ಸೊಂಟದಲ್ಲಿ ಅಂಥದೊಂದು ಸಂಚಿ ಸಿಕ್ಕಿತು. ಕೇಳಿದೊಡನೆ ಅಜ್ಜಿ ಸೆರಗು ಸರಿಸಿ ಎಳೆದು ಕೊಟ್ಟರು. “ತಗಾ, ನೋಡವ್ವ. ಬೀಳಿಸ್ಬ್ಯಾಡ, ಸುಣ್ಣದ ಡಬ್ಬಿ ಮುಚ್ಚಳ ಸಡ್ಲ ಐತೆ.”

ಮಡಿಸಿದಾಗ ಅಂಗೈಯಗಲ, ಬಿಚ್ಚಿದರೆ ಒಂದು ಮೊಳ. ಹೊರಮೈ ಹಳೆಯ ಧಾರೆಸೀರೆಯ ಅಂಚು. ಕುಂಕುಮದ ಕೆಂಪು ಮಾಸಿ ಇಟ್ಟಿಗೆ ಬಣ್ಣಕ್ಕೆ ಇಳಿದಿದ್ದರೂ ಜರಿ ಇನ್ನೂ ಮಿನುಗುತ್ತಿತ್ತು. ಸುತ್ತ ಹಳದಿ ದಾರದಲ್ಲಿ ಸರಪಳಿ ಹೊಲಿಗೆ. ಮೂಲೆಮೂಲೆಗೂ ನೀಲಿ ಗಾಜಿನ ಮಣಿ. ಎರಡು ಪಕ್ಕದಲ್ಲೂ ಲಾಡಿ, ಲಾಡಿಯ ತುದಿಗೆ ಐದು ಬಣ್ಣದ ಕುಚ್ಚು. ಲಾಡಿ ಹಿಡಿದು ಎಳೆದರೆ ಬಾಯಿ ಮುಚ್ಚುತ್ತದೆ, ಮೇಲಂಚು ಹಿಡಿದು ಅಗಲಿಸಿದರೆ ಒಂದರೊಳಗೊಂದು ಅಡಗಿದ್ದ ಜೇಬುಗಳು ತೆರೆಯುತ್ತವೆ. ಮೊದಲನೆಯದರಲ್ಲಿ ಒದ್ದೆ ಬಟ್ಟೆ ಸುತ್ತಿದ ವೀಳ್ಯದೆಲೆ. ಎರಡನೆಯದರಲ್ಲಿ ಅಡಿಕೆ ಹೋಳು, ಅಡಕತ್ತರಿ. ಮೂರನೆಯದರಲ್ಲಿ ಸುಣ್ಣದ ಡಬ್ಬಿ, ಕಡ್ಡಿಪುಡಿ. ಇಷ್ಟೇ ಅಂದುಕೊಂಡೆ. ಅಜ್ಜಿ ನಕ್ಕು, ಹಿಂಬದಿಯ ಪಟ್ಟಿಯನ್ನು ಉಗುರಿನಿಂದ ಮೀಟಿದರು. ಅಲ್ಲೊಂದು ಕಳ್ಳಜೇಬು! ಅದರಲ್ಲಿ ಮಡಿಸಿ ಮಡಿಸಿ ಚೌಕವಾದ ನೋಟು, ಮಾತ್ರೆಯ ಚೀಟಿ, ಓಲೆಯ ಒಂದು ತಿರುಪು.

“ನಮ್ಮತ್ತೆ ಹೊಲ್ಕೊಟ್ಟಿದ್ದು. ಮನೆ ಬೀಗದಕೈ ಅವರ ಕೈಯಾಗೇ ಇತ್ತು, ಸಾಯಾಗಂಟ ಬಿಡ್ಲಿಲ್ಲ. ಇದು ಮಾತ್ರ ನಂದೇ. ಇದಕ್ಕೆ ಯಾರೂ ಕೈ ಹಾಕಂಗಿಲ್ಲ,” ಎಂದರು ಅಜ್ಜಿ. ಹಾಗೆನ್ನುತ್ತಲೇ ಎಲೆಯ ತೊಟ್ಟು ಮುರಿದು ಸುಣ್ಣ ಸವರಿ ನನ್ನ ಕೈಗಿಟ್ಟರು.

ನನಗೆ ಬೇಕಿದ್ದ ಉತ್ತರ ಅದರಲ್ಲೇ ಇತ್ತು. ಹೊಲ ಗಂಡನ ಹೆಸರಲ್ಲಿ, ಪೆಟ್ಟಿಗೆಯ ಕೀಲಿ ಅತ್ತೆಯ ಸೊಂಟದಲ್ಲಿ, ಒಡವೆ ಕಷ್ಟ ಬಂದಾಗ ಗಿರವಿಗೆ. ಈ ಮೊಳದುದ್ದದ ಬಟ್ಟೆಯೊಳಗಿನ ಜಾಗ ಮಾತ್ರ ಪೂರ್ತಿ ಅವಳದು. ಅದನ್ನು ತೆರೆಯುವವಳೂ ಅವಳೇ, ಯಾರಿಗೆ ಎಲೆ ಕೊಡಬೇಕೆಂದು ತೀರ್ಮಾನಿಸುವವಳೂ ಅವಳೇ. ತನ್ನದೆಂಬ ಒಂದೇ ಒಂದು ಜಾಗವನ್ನು ಯಾವ ಹೆಣ್ಣು ಸಪ್ಪೆಯಾಗಿ ಬಿಟ್ಟಾಳು?

ಯೂರೋಪಿನ ಕಥೆಯೂ ಇದಕ್ಕೆ ಬಹಳ ದೂರವಿಲ್ಲ. 17ರಿಂದ 19ನೆಯ ಶತಮಾನದವರೆಗೆ ಅಲ್ಲಿನ ಹೆಂಗಸರು ಲಂಗದೊಳಗೆ ಸೊಂಟಕ್ಕೆ ಲಾಡಿಯಿಂದ ಚೀಲ ಕಟ್ಟಿಕೊಳ್ಳುತ್ತಿದ್ದರು. ಹೊರಗೆ ಯಾರಿಗೂ ಕಾಣದ ಆ ಚೀಲಗಳ ಮೇಲೆ ಬಳ್ಳಿ, ಹೂವಿನ ಕಸೂತಿ ಹಾಕಿದರು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಅವು ಈಗಲೂ ಇವೆ. 18ನೆಯ ಶತಮಾನದ ಕೊನೆಗೆ ತೆಳುವಾದ, ಮೈಗೆ ಹತ್ತಿದ ಉಡುಪು ಬಂದಾಗ ಒಳಗೆ ಚೀಲ ಅಡಗಿಸಲು ಜಾಗವಿಲ್ಲವಾಯಿತು. ಆಗ ಅದು ಹೊರಬಂದು ‘ರೆಟಿಕ್ಯೂಲ್’ ಎಂಬ ಹೆಸರಿನಲ್ಲಿ ಕೈಗೆ ಏರಿತು. 1997ರಲ್ಲಿ ಇಟಲಿಯ ವಿನ್ಯಾಸಕಿ ಸಿಲ್ವಿಯಾ ವೆಂಟುರಿನಿ ಫೆಂಡಿ ಕಂಕುಳಲ್ಲಿ ಇರುಕಿಕೊಳ್ಳುವಷ್ಟು ಪುಟ್ಟದಾದ ‘ಬ್ಯಾಗೆಟ್’ ಚೀಲವನ್ನು ರೂಪಿಸಿದರು. ಅದಕ್ಕೆ ಮಣಿ, ಮಿಂಚು, ಕನ್ನಡಿ, ಕಸೂತಿ ತೊಡಿಸಿ ನೂರಾರು ಬಗೆಯಲ್ಲಿ ತಂದರು. ಅದರ ಚಿತ್ರವನ್ನು ಫೋನಿನಲ್ಲಿ ಅಜ್ಜಿಗೆ ತೋರಿಸಿದೆ. ಬಹಳ ಹೊತ್ತು ನೋಡಿ, “ಮಣಿ ಚೆನ್ನಾಗಿ ಕೂರ್ಸವ್ಳೆ. ಲಾಡಿ ಎಲ್ಲೈತೆ?” ಎಂದರು.

ಪಾವಗಡದ ಕಡೆಗೆ ಹೋದಂತೆ ನೆಲ ಕಲ್ಲಾಗುತ್ತದೆ, ಮಾತಿನಲ್ಲಿ ತೆಲುಗು ಬೆರೆಯುತ್ತದೆ. ಶನಿಮಹಾತ್ಮನ ಗುಡಿಗೆ ಕೈಮುಗಿದು ತಿರುಮಣಿಯ ಕಡೆ ಹೊರಟೆ. 13,000 ಎಕರೆಯಲ್ಲಿ ಹರಡಿದ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕು ಮಧ್ಯಾಹ್ನದ ಬಿಸಿಲಿಗೆ ಒಮ್ಮೆಗೇ ಹೊಳೆದಾಗ, ಯಾರೋ ಲಂಬಾಣಿ ಹೆಂಗಸು ಈ ಬರದ ಸೀಮೆಗೇ ಕನ್ನಡಿ ಬಿಲ್ಲೆ ಹೊಲಿದಂತಿತ್ತು.

ಆ ಹೊಲಿಗೆಯನ್ನು ಸಂಜೆ ತಾಂಡಾವೊಂದರಲ್ಲಿ ಹತ್ತಿರದಿಂದ ನೋಡಿದೆ. ನಡುವಯಸ್ಸಿನ ಹೆಂಗಸು ತನ್ನ ತಾಯಿಯ ಪೆಟ್ಟಿಗೆಯಿಂದ ಚೌಕದ ಚೀಲವೊಂದನ್ನು ತೆಗೆದಳು. ಕೆಂಪು, ಕಪ್ಪು ತುಂಡುಬಟ್ಟೆಗಳ ಜೋಡಣೆ, ಅಂಚಿಗೆ ಕವಡೆಯ ಸಾಲು, ನಡುವೆ ಕನ್ನಡಿ. ಕನ್ನಡಿಗೆ ತೂತಿರುವುದಿಲ್ಲ, ಗೋಂದು ಹಚ್ಚುವುದಿಲ್ಲ. ಮೊದಲು ಅದರ ಮೇಲೆ ಅಡ್ಡ, ಉದ್ದ ನಾಲ್ಕು ಎಳೆ ಬಿಗಿದು ಚೌಕಟ್ಟು ಮಾಡಿ, ಆ ಎಳೆಗಳನ್ನೇ ಸುತ್ತಿ ಸುತ್ತಿ ಅಂಚಿಗೆ ಎಳೆಯುತ್ತಾ ಹೊಲಿದರೆ ಗಾಜು ದಾರದ ಉಂಗುರದೊಳಗೆ ಕೂತುಬಿಡುತ್ತದೆ. ಅವಳ ಸೂಜಿ ಹೋದ ದಾರಿಯನ್ನು ನನ್ನ ಕಣ್ಣು ಹಿಡಿಯಲಾರದೆ ಹೋಯಿತು. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆ ಸಿಕ್ಕಿತು. 2023ರಲ್ಲಿ ಹಂಪಿಯ ಜಿ-20 ಸಭೆಯ ಹೊತ್ತಿಗೆ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರ ಕೈಕೆಲಸ ಗಿನ್ನೆಸ್ ದಾಖಲೆ ಸೇರಿತು. ಆ ಸುದ್ದಿ ಹೇಳಿದೆ. “ಅವರು ಮಾರಾಕೆ ಹೊಲೀತಾರೆ ಅಕ್ಕಾ. ಇದು ಅವ್ವ ಮದುವೆಗೆ ಹೊಲ್ಕೊಂಡಿದ್ದು, ಮಾರಾದಲ್ಲ,” ಎಂದು ಚೀಲವನ್ನು ಮತ್ತೆ ಪೆಟ್ಟಿಗೆಗೆ ಹಾಕಿದಳು. ಎರಡೂ ಉಳಿಯಬೇಕು ಎನ್ನಿಸಿತು ನನಗೆ: ಮಾರುವ ಚೀಲವೂ, ಮಾರದ ಚೀಲವೂ.

ಶಿರಾದಲ್ಲಿ ಹಿಂದೆ ಸುಬೇದಾರನಾಗಿದ್ದ ಮಲಿಕ್ ರಿಹಾನನ ಗೋರಿ, 1696ರ ಜುಮ್ಮಾ ಮಸೀದಿ ನೋಡಿದೆ. ಮೊಗಲರ ಕಾಲದಲ್ಲಿ ಸುಬೆಯ ರಾಜಧಾನಿಯಾಗಿದ್ದ ಊರು ಇದು. ಬೆಂಗಳೂರು, ಶ್ರೀರಂಗಪಟ್ಟಣದ ಅರಮನೆಗಳಿಗೆ ಇಲ್ಲಿನ ನವಾಬ ದಿಲಾವರ್ ಖಾನನ ಅರಮನೆಯೇ ಮಾದರಿ ಎಂದು ಗೆಜೆಟಿಯರ್ ಹೇಳುತ್ತದೆ. ಟಿಪ್ಪು ಶ್ರೀರಂಗಪಟ್ಟಣದ ಬಳಿಯ ತನ್ನ ಹೊಸ ಊರು ಗಂಜಾಮಿಗೆ ಜನ ತುಂಬಿಸಲು ಇಲ್ಲಿಂದ 12,000 ಕುಟುಂಬಗಳನ್ನು ಎಬ್ಬಿಸಿಕೊಂಡು ಹೋದನೆಂದೂ ಅದರಲ್ಲಿದೆ. ಅಷ್ಟು ಮನೆಯ ಹೆಂಗಸರು ಆ ದಿನ ಏನು ಬಿಟ್ಟರೋ! ಸೊಂಟದ ಸಂಚಿಯನ್ನಂತೂ ಬಿಟ್ಟಿರಲಾರರು.

ಪೇಟೆಯ ಗಲ್ಲಿಯೊಂದರಲ್ಲಿ ರವಿಕೆ ಹೊಲಿಯುವ ಹೆಣ್ಣುಮಗಳ ಅಂಗಡಿಯಿತ್ತು. ಬಾಗಿಲಿಗೆ ಸೀರೆ ಅಂಚಿನ ಚೀಲಗಳನ್ನು ತೂಗುಹಾಕಿದ್ದಳು, ಎಲ್ಲಕ್ಕೂ ಜಿಪ್ಪು. ಒಂದರೊಳಗೊಂದು ಮೂರು ಜೇಬು, ಎರಡು ಕಡೆ ಲಾಡಿ, ಹಿಂದೊಂದು ಕಳ್ಳಜೇಬು ಎಂದು ನಾನು ಕಾಗದದ ಮೇಲೆ ಗೀಚಿ ತೋರಿಸಹೊರಟೆ. ಅವಳು ಪೆನ್ನು ಕಿತ್ತುಕೊಂಡು ಲಾಡಿ ಹಾಯುವ ಜಾಗವನ್ನು ತಾನೇ ಸರಿಯಾಗಿ ಬರೆದಳು. “ನಮ್ಮಜ್ಜಿಗೆ ಹೊಲ್ಕೊಡ್ತಿದ್ದೆ ಮೇಡಂ. ಈಗ ಯಾರೂ ಕೇಳಲ್ಲ,” ಎಂದಳು. ಆಮೇಲೆ ತುಂಡುಬಟ್ಟೆಯ ಮೂಟೆಯನ್ನು ನೆಲಕ್ಕೆ ಸುರಿದು, “ಬಣ್ಣ ಆರಿಸ್ಕೊಳ್ಳಿ. ಕುಚ್ಚು ಮೂರು ಬಣ್ಣದಲ್ಲಿ ಹಾಕ್ಲಾ, ಐದರಲ್ಲಾ?”

ಐದರಲ್ಲಿ ಹಾಕಲು ಹೇಳಿದೆ.