ಹೈಡೆಲ್ಬರ್ಗಿನ ಮುರಿದ ಕೋಟೆ

ಜರ್ಮನಿ ದೇಶದಲ್ಲಿ ನೆಕ್ಕರ್ ನದಿಯ ದಡದ ಮೇಲೆ ಹೈಡೆಲ್ಬರ್ಗ್ ಎಂಬ ಪುರಾತನವಾದ ವಿದ್ಯಾಪಟ್ಟಣವುಂಟು. ಅಲ್ಲಿಯ ಹಳೆಯ ಸೇತುವೆಯ ಮೇಲೆ ನಿಂತು ನಾವು ತಲೆಯೆತ್ತಿದರೆ, ಬೆಟ್ಟದ ಮಗ್ಗುಲಲ್ಲಿ ಕೆಂಗಲ್ಲಿನ ಹಿರಿಯ ಕೋಟೆಯೊಂದು ಕಾಣುತ್ತದೆ. ದೂರಕ್ಕೆ ಅದು ಅರಸರು ಇನ್ನೂ ವಾಸವಾಗಿರುವ ಅರಮನೆಯಂತೆ ತೋರುವುದು. ಸಮೀಪಿಸಿದಂತೆ, ಎಷ್ಟೋ ಕಿಟಕಿಗಳ ಹಿಂದೆ ಕೋಣೆಗಳಿಲ್ಲ, ಬರಿಯ ಆಕಾಶವಿದೆ ಎಂಬುದು ತಿಳಿಯುವುದು.

ಇಲ್ಲಿ ಕೋಟೆಯಿತ್ತೆಂಬ ಮಾತು 1225ರ ಪತ್ರವೊಂದರಲ್ಲಿ ದೊರೆಯುತ್ತದೆ. 1400ರಲ್ಲಿ ಜರ್ಮನರ ದೊರೆಯಾದ ರುಪ್ರೆಕ್ಟನ ಹೆಸರಿನ ಮನೆಯು ಇಲ್ಲಿ ಉಳಿದಿರುವ ಅರಮನೆಗಳಲ್ಲಿ ಹಳೆಯದು. ಮುಂದಿನ ಅರಸರು ಒಬ್ಬೊಬ್ಬರೂ ತಮ್ಮ ಕಾಲದ ಶಿಲ್ಪವನ್ನು ಅದರ ಪಕ್ಕದಲ್ಲಿ ಕೂಡಿಸುತ್ತ ಹೋದರು.

ಈ ವೈಭವದ ಅಳಿವಿನ ಕಥೆಯು ಮನಕರಗಿಸುವಂಥದು. 1652ರಲ್ಲಿ ಇಲ್ಲಿ ಹುಟ್ಟಿದ ರಾಜಕುಮಾರಿ ಎಲಿಸಬೆತ್ ಶಾರ್ಲೊಟೆಯನ್ನು 1671ರಲ್ಲಿ ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿಯ ತಮ್ಮನಿಗೆ ಕೊಟ್ಟು ಮದುವೆಮಾಡಿದರು. 1685ರಲ್ಲಿ ಆಕೆಯ ಅಣ್ಣನು ಮಕ್ಕಳಿಲ್ಲದೆ ತೀರಿಕೊಂಡನು. ಕೂಡಲೆ ಲೂಯಿಯು ನಾದಿನಿಯ ಹಕ್ಕನ್ನು ಮುಂದೊಡ್ಡಿದನು, ಯುದ್ಧ ಹೊತ್ತಿತು. 1689ರಲ್ಲಿ ಫ್ರೆಂಚ್ ಸೇನೆಯು ಕೋಟೆಗೆ ಬೆಂಕಿಯಿಟ್ಟಿತು. 1693ರಲ್ಲಿ ಮತ್ತೆ ಬಂದು ಮದ್ದಿನಿಂದ ಬುರುಜುಗಳನ್ನು ಸಿಡಿಸಿತು. ಮಗಳ ಹೆಸರಿನಲ್ಲಿಯೇ ಮಗಳ ತವರನ್ನು ಸುಟ್ಟುದಾಯಿತು! ಆಕೆಯ ಕಾಗದಗಳಲ್ಲಿ ಆ ದುಃಖವನ್ನು ಇಂದಿಗೂ ಓದಬಹುದು. ಆರು ಮೀಟರಿಗೂ ಮಿಕ್ಕಿ ದಪ್ಪವಾದ ಗೋಡೆಯ ಒಂದು ಬುರುಜು ಸೀಳಿ, ಅದರ ಅರೆಭಾಗವು ಪುಡಿಯಾಗದೆ ಇಡಿಯಾಗಿಯೇ ಕಂದಕಕ್ಕೆ ಜಾರಿಬಿದ್ದಿದೆ.

ಬಳಿಕ ಒಂದಷ್ಟು ದುರಸ್ತಿ ನಡೆಯಿತಾದರೂ 1764ರಲ್ಲಿ ಸಿಡಿಲು ಬಡಿದು ಉಳಿದುದೂ ಉರಿಯಿತು. ಊರವರು ಮನೆಗಳನ್ನು ಕಟ್ಟಲು ಕೋಟೆಯ ಕಲ್ಲನ್ನೇ ಹೊತ್ತರು. ಇದನ್ನು ತಡೆಯಲು ಮುಂದಾದವನು, ವಿಚಿತ್ರವೆಂದರೆ, ಫ್ರಾನ್ಸಿನವನೇ. ಶಾರ್ಲ್ ದ ಗ್ರೈಂಬರ್ಗ್ ಎಂಬ ಚಿತ್ರಗಾರನು 1810ರಲ್ಲಿ ಇಲ್ಲಿಗೆ ಬಂದವನು, 1864ರಲ್ಲಿ ಸಾಯುವತನಕ ಇಲ್ಲಿಯೇ ನೆಲಸಿ, ಪಾಳನ್ನು ಕಾಯ್ದನು, ಬರೆದನು, ಅದರ ಪಳೆಯ ವಸ್ತುಗಳನ್ನು ಕೂಡಿಟ್ಟನು.

ಆಮೇಲೆ ಎದ್ದುದು ದೊಡ್ಡ ಚರ್ಚೆ: ಕೋಟೆಯನ್ನು ಮೊದಲಿನಂತೆ ಕಟ್ಟಬೇಕೆ, ಇದ್ದಂತೆ ಕಾಪಾಡಬೇಕೆ? 1900ರ ಹೊತ್ತಿಗೆ ಫ್ರೀಡ್ರಿಕ್ ಅರಸನ ಮನೆಯನ್ನು ಹೊಸದುಮಾಡಿದರು. ಓಟ್‌ಹೈನ್ರಿಕ್ ಅರಸನ ಮನೆಗೂ ಅದೇ ಗತಿಯೆನ್ನುವಾಗ, ಗೆಯೋರ್ಗ್ ದೇಹಿಯೊ ಎಂಬ ಪಂಡಿತನು 1901ರಲ್ಲಿ ಬಲವಾಗಿ ವಿರೋಧಿಸಿದನು. ಕಳೆದುಹೋದುದನ್ನು ಊಹಿಸಿ ಕಟ್ಟಿದರೆ ದೊರೆಯುವುದು ಹಳೆಯದಲ್ಲ, ಹಳೆಯದರ ವೇಷ. ಉಳಿದುದು ಅಳಿಯದಂತೆ ನೋಡುವುದೇ ನಮ್ಮ ಕರ್ತವ್ಯವೆಂಬುದು ಅವನ ವಾದದ ಸಾರ. ಆ ಮನೆಯ ಸುಂದರವಾದ ಮುಂಗೋಡೆಯು ಪಾಳಾಗಿಯೇ ಉಳಿಯಿತು.

ಆದರೆ ಪಾಳನ್ನು ಪಾಳಾಗಿ ಉಳಿಸುವುದು ಸುಮ್ಮನೆ ಬಿಟ್ಟುಬಿಡುವುದಲ್ಲ. ಗೋಡೆಯ ನೆತ್ತಿಯಿಂದಿಳಿದ ಮಳೆನೀರು ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹಿಗ್ಗಿ, ಸಂದುಗಳನ್ನು ಸೀಳುವುದು. ಬೇರುಗಳು ಬಿರುಕನ್ನು ಅಗಲಿಸುವುವು. ವರ್ಷ ವರ್ಷವೂ ಸಂದನ್ನು ತುಂಬುತ್ತ, ಗಿಡವನ್ನು ಕೀಳುತ್ತ, ನೀರಿಗೆ ದಾರಿ ಮಾಡುತ್ತಲೇ ಇರಬೇಕು.

ನಮ್ಮಲ್ಲಿ ಜೀರ್ಣೋದ್ಧಾರವು ಪುಣ್ಯಕಾರ್ಯ. ಪೂಜೆ ನಡೆಯುವ ಗುಡಿಗೆ ಅದು ಸಲ್ಲುವ ಮಾತು. ಅರಸರಿಲ್ಲದ ಕೋಟೆಗಾದರೋ, ಅದರ ಗಾಯಗಳೂ ಅದರ ಚರಿತ್ರೆಯೇ. ಅವನ್ನು ಗಾರೆಯಿಂದ ಮುಚ್ಚಿದರೆ, ಸುಟ್ಟವರ ಅಪರಾಧವನ್ನೂ ತವರನ್ನು ನೆನೆದವಳ ಕಣ್ಣೀರನ್ನೂ ಮುಂದಿನವರಿಗೆ ಹೇಳುವ ಸಾಕ್ಷಿಯೇ ಇಲ್ಲದಂತಾದೀತು.